ಮರೆಯಬಲ್ಲ ಯಂತ್ರ

ಹತ್ತು ಜನ ಬಳಸುವ ಕಂಪ್ಯೂಟರಿಗೆ ನೆನಪಿಗಿಂತ ಮರೆವು ಮುಖ್ಯ. ಕರ್ನಾಟಕದಲ್ಲಿ ಈ ವಿಚಾರ ಹೊಸದಲ್ಲ. 2001ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್ಕೋರ್ ಕಂಪನಿಯ ಎಂಜಿನಿಯರರು ‘ಸಿಂಪ್ಯೂಟರ್’ ಎಂಬ ಅಂಗೈಯಗಲದ ಯಂತ್ರವನ್ನು ಜನರ ಮುಂದಿಟ್ಟರು. ಸ್ವಂತಕ್ಕೆ ಕೊಳ್ಳಲಾಗದವರು ಊರಿಗೊಂದರಂತೆ ಹಂಚಿಕೊಳ್ಳಲಿ ಎಂಬುದು ಆಶಯ. ಅದರಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಸಣ್ಣ ಸ್ಮರಣೆಯಲ್ಲಿ ಹಿಡಿಯುವಂತೆ ಹಗುರ ಮಾಡಿದ ಲಿನಕ್ಸ್ ಅದನ್ನು ನಡೆಸುತ್ತಿತ್ತು. ಬಳಸುವವರ ವಿವರಕ್ಕೆ ಅವರವರದೇ ಸ್ಮಾರ್ಟ್ ಕಾರ್ಡು. ಕಾರ್ಡು ತೆಗೆದರೆ ಯಂತ್ರ ಮುಂದಿನವರದು.

2004ರಲ್ಲಿ ‘ಅಮಿಡಾ’ ಹೆಸರಿನಲ್ಲಿ ಮಾರುಕಟ್ಟೆಗೆ ಬಂದರೂ ಅದು ಹಳ್ಳಿಗಳಿಗೆ ಹಬ್ಬಲಿಲ್ಲ. ಹಂಚಿಕೊಳ್ಳುವ ಕಂಪ್ಯೂಟರು ಮಾತ್ರ ಉಳಿಯಿತು. ಕಲಬುರಗಿಯ ಶಹಾಬಜಾರದಲ್ಲಿ ನಾನು ಸ್ಕಾಲರ್‌ಶಿಪ್ ಅರ್ಜಿ ತುಂಬುವ ಸೆಂಟರಿನಲ್ಲಿ ಮೊದಲ ಅಕ್ಷರ ಒತ್ತಿದರೆ ಸಾಕು, ಹಿಂದೆ ಕೂತಿದ್ದವರ ಹೆಸರು, ಮೊಬೈಲ್ ನಂಬರು ತಾವೇ ಇಳಿದು ಬರುತ್ತವೆ. ಕಮಲಾಪುರದಿಂದ ಬಸ್ಸು ಹಿಡಿದು ಬಂದವರ ಆಧಾರ್ ಪ್ರತಿಯೂ ಡೌನ್‌ಲೋಡಿನಲ್ಲಿ ಬಿದ್ದಿರುತ್ತದೆ.

ಇದಕ್ಕೆ ಮದ್ದು ದುಬಾರಿಯಲ್ಲ. ಪೋರ್ಟಿಯಸ್ ಕಿಯಾಸ್ಕ್‌ನಂಥ ಹಗುರ ಲಿನಕ್ಸ್ ಬರೀ ಬ್ರೌಸರ್ ತೆರೆಯುತ್ತದೆ. ಆರಿಸಿ ಹಚ್ಚಿದರೆ ಹಿಂದಿನದೇನೂ ಉಳಿಯದಂತೆ ಹೊಸದಾಗಿ ಏಳುತ್ತದೆ. ಹಳೆಯ ಯಂತ್ರವೂ ಸಾಕು.

ಸಿಂಪ್ಯೂಟರಿನದು ಸೋಲಿನ ಕಥೆ ಎಂದೇ ಓದುತ್ತೇವೆ. ಎದ್ದು ಹೋದವರ ಗುರುತು ಯಾರ ಬಳಿ ಉಳಿಯಬೇಕು ಎಂಬ ಅದರ ಪ್ರಶ್ನೆಗೆ ನಮ್ಮ ಸೆಂಟರುಗಳು ಇನ್ನೂ ಉತ್ತರ ಕೊಟ್ಟಿಲ್ಲ.