ಫಿರಂಗಿಯ ಮುಂದೆ ಯಾರನ್ನು ಹೂಡಬೇಕು?

ಮರದಲ್ಲೋ ಹಿತ್ತಾಳೆಯಲ್ಲೋ ಪುಟ್ಟ ಫಿರಂಗಿಯೊಂದನ್ನು ಮಾಡಿ ಕಪಾಟಿನಲ್ಲಿಡುವ ಹವ್ಯಾಸ ನಮ್ಮಲ್ಲಿಯೂ ಕೆಲವರಿಗಿದೆ. ದಸರೆಯ ಗೊಂಬೆಗಳ ಸಾಲಿನಲ್ಲಿ, ಶಾಲೆಯ ವಸ್ತುಪ್ರದರ್ಶನದಲ್ಲಿ ಇಂಥ ಮಾದರಿಗಳು ಕಾಣಸಿಗುತ್ತವೆ. ನಳಿಗೆಯ ಉದ್ದ, ಗಾಲಿಯ ಅರೆಕಾಲುಗಳ ಎಣಿಕೆ, ಅಚ್ಚಿನ ದಪ್ಪ ಇವುಗಳ ಬಗ್ಗೆ ಬಹಳ ಎಚ್ಚರ ವಹಿಸುವವರು, ಅದನ್ನು ರಣರಂಗದವರೆಗೆ ಎಳೆದು ತಂದವರು ಯಾರು ಎಂಬ ಪ್ರಶ್ನೆ ಬಂದಾಗ ಮಾತ್ರ ಉದಾಸೀನರಾಗುತ್ತಾರೆ. ಕೈಗೆ ಸಿಕ್ಕ ಆಟಿಕೆ ಕುದುರೆಯನ್ನೋ ಜೀಪನ್ನೋ ಮುಂದೆ ನಿಲ್ಲಿಸಿದರೆ ಕೆಲಸ ಮುಗಿಯಿತು. ಆದರೆ ಫಿರಂಗಿಯ ಚರಿತ್ರೆಯಲ್ಲಿ ಅರ್ಧ ಭಾಗ ಇರುವುದು ಅದನ್ನು ಎಳೆದವರಲ್ಲಿ. ಆ ಅರ್ಧ ತಪ್ಪಿದರೆ ಉಳಿದರ್ಧ ಎಷ್ಟು ಸರಿಯಾಗಿದ್ದರೂ ಮಾದರಿ ಸುಳ್ಳು ಹೇಳುತ್ತದೆ.

ಈ ಪ್ರಶ್ನೆಯನ್ನು ಕೇಳಲು ವಡ್ಡೆಪಲ್ಲಿಯಂಥ ಊರು ಒಳ್ಳೆಯ ಜಾಗ. ಇಂದು ತೆಲಂಗಾಣದ ಗದ್ವಾಲ ಸೀಮೆಗೆ ಸೇರಿದ ಈ ಊರು ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ನೆಲದಲ್ಲಿದೆ. ಚರಿತ್ರೆಯ ಪುಸ್ತಕಗಳು ರಾಯಚೂರು ದೋಆಬ್ ಎಂದು ಕರೆಯುವುದು ಇದನ್ನೇ. ಬಹಮನಿ ಸುಲ್ತಾನರು, ವಿಜಯನಗರದ ಅರಸರು, ಬಿಜಾಪುರದ ಆದಿಲಶಾಹಿಗಳು ತಲೆಮಾರುಗಳ ಕಾಲ ಈ ನೆಲಕ್ಕಾಗಿ ಬಡಿದಾಡಿದರು. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರಿಗೆ ಬಂದಿತು, ಇವೆರಡು ಆಂಧ್ರಕ್ಕೆ ಹೋದವು. ಅದೇ ವರ್ಷ ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿದ ಸಂಗತಿಯನ್ನು ಈ ಸಂಚಿಕೆಯ ಓದುಗರಿಗೆ ನೆನಪಿಸಬೇಕಾಗಿಲ್ಲ. ಗಡಿ ಸರಿದರೂ ಹಳೆಯ ದಾರಿಗಳು ಸರಿಯುವುದಿಲ್ಲ. ಆ ದಾರಿಗಳಲ್ಲಿ ಫಿರಂಗಿಗಳು ಹೇಗೆ ಸಾಗಿದವು ಎಂಬುದೇ ನಮ್ಮ ವಿಷಯ.

ಮೊದಲ ಸಾಕ್ಷ್ಯ ಫಿರಂಗಿಗಿಂತಲೂ ಹಳೆಯದು. ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲಿನ ಚಪ್ಪಡಿಯಿದೆ. ಅದರ ಮೇಲಿನ ಶಾಸನ 1294ರದು, ಕಾಕತೀಯರ ಕಾಲದ್ದು. ವಿಠ್ಠಲನಾಥನೆಂಬ ದಂಡನಾಯಕ ಕೋಟೆ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಅಷ್ಟೇ ಆಗಿದ್ದರೆ ಅದು ನೂರರಲ್ಲಿ ಒಂದು ಶಾಸನವಾಗುತ್ತಿತ್ತು. ಆದರೆ ಆ ಚಪ್ಪಡಿಯನ್ನು ಬಂಡಿಯ ಮೇಲೆ ಹೇರಿಕೊಂಡು ತಂದ ಬಗೆಯನ್ನೂ ಅಲ್ಲಿ ಕಲ್ಲಿನಲ್ಲಿಯೇ ಕೊರೆದು ತೋರಿಸಿದ್ದಾರೆ. ಬಂಡಿಯ ಮುಂದೆ ಕೋಣಗಳ ಉದ್ದನೆಯ ಸಾಲು; ಹಿಂದೆ ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವ ಜನ. ಭಾರವಾದ ವಸ್ತುವನ್ನು ಈ ಸೀಮೆಯಲ್ಲಿ ಸಾಗಿಸುತ್ತಿದ್ದ ಕ್ರಮಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗದು. ಮುಂದೆ ಕಲ್ಲಿನ ಬದಲು ಫಿರಂಗಿ ಬಂದಿತು, ನೊಗ ಬದಲಾಗಲಿಲ್ಲ.

1520ರಲ್ಲಿ ಇದೇ ರಾಯಚೂರಿಗಾಗಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲಶಾಹನಿಗೂ ಯುದ್ಧವಾಯಿತು. ಅದರ ವರ್ಣನೆಯನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ರಾಬರ್ಟ್ ಸಿವೆಲ್ 1900ರಲ್ಲಿ ಅದನ್ನು ಇಂಗ್ಲಿಷಿಗೆ ತಂದನು. ಸೋತ ಪಾಳೆಯದಲ್ಲಿ ರಾಯನಿಗೆ ಸಿಕ್ಕಿದ್ದರ ಪಟ್ಟಿ ಅಲ್ಲಿದೆ: ಹೊರ್ಮುಜ್‌ನ ಕುದುರೆ ನಾಲ್ಕು ಸಾವಿರ, ಆನೆ ನೂರು, ದೊಡ್ಡ ಫಿರಂಗಿ ನಾನೂರು, ಅವುಗಳ ಗಾಡಿ ಒಂಬೈನೂರು. ಎತ್ತುಗಳ ಮಾತು ಬಂದಾಗ ಮಾತ್ರ ನೂನಿಜ್ ಲೆಕ್ಕವನ್ನೇ ಕೈಬಿಡುತ್ತಾನೆ. ಹೇರಿನ ಕುದುರೆ, ಎತ್ತು ಮುಂತಾದ ಪ್ರಾಣಿಗಳು ಅಸಂಖ್ಯವಾಗಿದ್ದುದರಿಂದ ಎಣಿಸಲಿಲ್ಲ ಎಂಬುದು ಅವನ ಮಾತಿನ ತಾತ್ಪರ್ಯ. ದಿನವಿಡೀ ಲೆಡ್ಜರು ನೋಡುವ ನನ್ನಂಥವನಿಗೆ ಈ ಪಟ್ಟಿ ಒಂದು ಕಡೆ ತುಂಬಿ ಇನ್ನೊಂದು ಕಡೆ ಖಾಲಿ ಬಿಟ್ಟ ಖಾತೆಯ ಹಾಗೆ ಕಾಣುತ್ತದೆ. ಒಂಬೈನೂರು ಗಾಡಿಗಳು ತಾವಾಗಿ ಉರುಳಿ ಬಂದಿರಲಾರವು.

ಎತ್ತುಗಳೇ ಏಕೆ? ಕುದುರೆ ಬೆಲೆಬಾಳುವ ಪ್ರಾಣಿ, ಸಮುದ್ರ ದಾಟಿ ಬರಬೇಕು, ಅದು ಸವಾರನಿಗೆ ಮೀಸಲು. ಎತ್ತಿಗೆ ಹೊಲದ ಮೇವು ಸಾಕು. ಮಳೆಯಾದಾಗ ಗಾಲಿಗೆ ಮೆತ್ತಿಕೊಳ್ಳುವ ನಮ್ಮ ಎರೆಮಣ್ಣಿನಲ್ಲಿ ಅದು ಗಾಬರಿಯಿಲ್ಲದೆ ನೊಗಕ್ಕೆ ಹೆಗಲು ಕೊಟ್ಟು ನಿಲ್ಲುತ್ತದೆ. ಆನೆಯ ಬಲ ದೊಡ್ಡದಾದರೂ ಅದು ಗುಂಡಿನ ಸದ್ದಿಗೆ ಬೆದರುತ್ತದೆ. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಭಾರತದ ಭಾರೀ ಫಿರಂಗಿದಳಗಳಲ್ಲಿಯೂ ದಾರಿಯುದ್ದಕ್ಕೂ ಆನೆಗಳು ಎಳೆದು ತಂದ ಫಿರಂಗಿಯನ್ನು ಗುಂಡು ಹಾರುವ ಜಾಗದಲ್ಲಿ ಎತ್ತುಗಳಿಗೆ ವಹಿಸುತ್ತಿದ್ದರು. ಅಕ್ಬರನು ರಣಥಂಭೋರ್ ಕೋಟೆಗೆ ಮುತ್ತಿಗೆ ಹಾಕಿದ ಸಂದರ್ಭದ ಮೊಗಲ್ ಚಿತ್ರವೊಂದರಲ್ಲಿ ಬೆಟ್ಟದ ಏರಿನಲ್ಲಿ ಫಿರಂಗಿಗಳನ್ನು ಎಳೆಯುತ್ತಿರುವುದು ಎತ್ತುಗಳೇ. ಬಿಜಾಪುರದ ಮಲಿಕ್-ಎ-ಮೈದಾನ್ 1549ರಲ್ಲಿ ಅಹಮದ್‌ನಗರದಲ್ಲಿ ಎರಕವಾದದ್ದು, ಸುಮಾರು 55 ಟನ್ ತೂಕದ್ದು. ಅದನ್ನು ಬಿಜಾಪುರಕ್ಕೆ ತರಲು ನಾನೂರು ಎತ್ತು, ಹತ್ತು ಆನೆ, ನೂರಾರು ಜನ ಬೇಕಾದರೆಂದು ಅಲ್ಲಿನವರು ಹೇಳುತ್ತಾರೆ. ಆ ಮಾತಿನಲ್ಲಿಯೂ ಎತ್ತಿನ ಪಾಲು ಎಷ್ಟೆಂಬುದನ್ನು ಗಮನಿಸಬೇಕು.

ಮಾದರಿ ಮಾಡುವವನು ಇಲ್ಲಿ ಇನ್ನೊಂದು ಎಡವುಗಲ್ಲನ್ನು ದಾಟಬೇಕು. ಎತ್ತೆಂದರೆ ಯಾವ ಎತ್ತು? ಈ ಭಾಗದ ಹೆಸರುಳ್ಳದ್ದೆಂದು ಕೃಷ್ಣಾ ತೀರದ ತಳಿಯ ಭಾರೀ ಎತ್ತನ್ನು 1520ರ ಫಿರಂಗಿಗೆ ಹೂಡಿದರೆ ತಪ್ಪಾಗುತ್ತದೆ. ಆ ತಳಿ ರೂಪುಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಮೈಸೂರಿನ ಫಿರಂಗಿಯಾದರೆ ಸಂದೇಹವೇ ಇಲ್ಲ: ಬೂದು ಮೈಯ, ಕಿರಿದಾದ ಮುಖದ, ಹಿಂದಕ್ಕೆ ಬಾಗಿದ ಉದ್ದ ಕೊಂಬಿನ ಅಮೃತ ಮಹಲ್ ಎತ್ತು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯನ್ನು ಹೈದರಾಲಿ ಸೈನ್ಯದ ಕೆಲಸಕ್ಕೆ ತಿರುಗಿಸಿದನು. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟು, ಅದರ ಆಡಳಿತಕ್ಕೆ ನಿಯಮಗಳನ್ನು ಬರೆಸಿದನು. ಹುಲ್ಲುಗಾವಲುಗಳಿಗೆ ‘ಕಾವಲು’ ಎಂಬ ಹೆಸರು ಇಂದಿಗೂ ಉಳಿದಿದೆ. ಚಿದಂಬರದ ರಕ್ಷಣೆಗಾಗಿ ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ ಎಂದು ಹೇಳುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪೆನಿ ಇವುಗಳನ್ನು ವಶಪಡಿಸಿಕೊಂಡಿತು. 1803ರ ಮರಾಠಾ ಯುದ್ಧಕ್ಕೆ ಹರಿಹರದ ಕಡೆಯಿಂದ ಹೊರಟು ತುಂಗಭದ್ರೆಯನ್ನು ದಾಟಿದ ಆರ್ಥರ್ ವೆಲ್ಲೆಸ್ಲಿ, ಮುಂದೆ ಸ್ಪೇನಿನ ರಣರಂಗದಲ್ಲಿ ಮೈಸೂರಿನ ಎತ್ತುಗಳಿಲ್ಲದ್ದಕ್ಕೆ ಹಲುಬಿದನೆಂಬ ಪ್ರತೀತಿಯಿದೆ.

ಎತ್ತುಗಳನ್ನು ಎಣಿಸಿ, ದಾಖಲೆಯಿಟ್ಟು, ಸಾಕಿದ ರಾಜ್ಯ ಇದು. ನೂನಿಜ್ ಖಾಲಿ ಬಿಟ್ಟ ಕಡೆಯನ್ನು ಮೈಸೂರು ತುಂಬಿತು ಎನ್ನಬಹುದು. ಆ ಲೆಕ್ಕವನ್ನು ಕಡೆಗಣಿಸಿದ್ದರ ಫಲವನ್ನು ಬ್ರಿಟಿಷರೇ ಉಂಡರು. ಮದರಾಸು ಸರಕಾರ ಖರ್ಚು ಉಳಿಸಲೆಂದು 1860ರಲ್ಲಿ ಅಮೃತ ಮಹಲ್ ಇಲಾಖೆಯನ್ನು ಮುಚ್ಚಿ ಹಿಂಡುಗಳನ್ನು ಮಾರಿತು. ಆರೇ ವರ್ಷಗಳಲ್ಲಿ, 1866ರಲ್ಲಿ, ಅದನ್ನು ಮತ್ತೆ ಕಟ್ಟಬೇಕಾಯಿತು.

ಇನ್ನು ಮೋಟಾರಿನ ಕಾಲ. 1948ರ ಸೆಪ್ಟೆಂಬರಿನ ಹೈದರಾಬಾದ್ ಕಾರ್ಯಾಚರಣೆ ಈ ಸೀಮೆಯ ಹಿರಿಯರ ನೆನಪಿನಲ್ಲಿ ಬಹುಕಾಲ ಉಳಿದಿತ್ತು. ಮುಖ್ಯ ಪಡೆ ಸೊಲ್ಲಾಪುರದಿಂದ ಹೊರಟಿತು. ದಕ್ಷಿಣದಲ್ಲಿ ಹೊಸಪೇಟೆ ಮತ್ತು ತುಂಗಭದ್ರೆಯ ಸೇತುವೆಯ ಬಳಿಯೂ ಕಾಳಗ ನಡೆಯಿತು. ಆಗ ನಮ್ಮ ಸೇನೆಯ ಮುಖ್ಯ ಮೈದಾನ ಫಿರಂಗಿ ಬ್ರಿಟಿಷ್ ವಿನ್ಯಾಸದ 25 ಪೌಂಡರ್. ಇದರ ಮಾದರಿ ಮಾಡುವವರು ಮುಂದೆ ನಿಲ್ಲಿಸಬೇಕಾದದ್ದು ‘ಕ್ವಾಡ್’ ಎಂಬ ನಾಲ್ಕು ಗಾಲಿಗೂ ಎಳೆತವಿರುವ ಮೋಟಾರನ್ನು. ಮಾರಿಸ್ ಕಂಪೆನಿಯದಾಗಲಿ, ಕೆನಡಾದಲ್ಲಿ ತಯಾರಾದ ಫೋರ್ಡ್ ಅಥವಾ ಷೆವರ್ಲೆಯಾಗಲಿ ಆದೀತು. ಬೆನ್ನು ಇಳಿಜಾರಾದ, ಜೀರುಂಡೆಯಂಥ ಅದರ ಆಕಾರವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಕ್ವಾಡಿಗೂ ಫಿರಂಗಿಗೂ ನಡುವೆ ಮೂವತ್ತೆರಡು ಗುಂಡುಗಳನ್ನು ಹಿಡಿಸುವ ಎರಡು ಗಾಲಿಯ ಮದ್ದಿನ ಪೆಟ್ಟಿಗೆ ಇರಬೇಕು. ಹಲವರು ಇದನ್ನು ಬಿಡುತ್ತಾರೆ. ಶಕ್ತಿಮಾನ್ ಲಾರಿಯನ್ನು ಹೂಡಿದರಂತೂ ಹನ್ನೊಂದು ವರ್ಷಗಳ ತಪ್ಪು. ಅದು ಜಬಲ್ಪುರದಲ್ಲಿ ತಯಾರಾಗತೊಡಗಿದ್ದು 1959ರಲ್ಲಿ. 3.7 ಅಂಗುಲದ ಬೆಟ್ಟದ ಫಿರಂಗಿಯಾದರೆ ಎಳೆಯುವ ಗಾಡಿಯೇ ಬೇಡವಾಗಬಹುದು. ಅದನ್ನು ಬಿಚ್ಚಿ ಎಂಟು ಹೇಸರಗತ್ತೆಗಳ ಬೆನ್ನಿಗೆ ಹೇರುತ್ತಿದ್ದರು.

ಇತ್ತೀಚಿನ ಕಾಲದಲ್ಲಿ ಸೇನೆಯ ಭಾರವನ್ನು ಹೊರುವ ಟಾಟ್ರಾ ಟ್ರಕ್ಕುಗಳ ಕಥೆ ಎರಡು ಭಾಷೆಗಳ ನಾಡುಗಳಿಗೂ ಸೇರಿದ್ದು. ಬೆಂಗಳೂರಿನ ಬಿಇಎಂಎಲ್ ಸಂಸ್ಥೆ 1986ರ ಒಪ್ಪಂದದಿಂದ ಅವುಗಳನ್ನು ತಯಾರಿಸತೊಡಗಿತು. 2010ರಲ್ಲಿ ಕೇರಳದ ಪಾಲಕ್ಕಾಡಿನಲ್ಲಿಯೂ ಅದರ ಕಾರ್ಖಾನೆ ತೆರೆಯಿತು.

ಆದ್ದರಿಂದ ಮಾದರಿ ಮಾಡುವವರು ಮೊದಲು ಫಿರಂಗಿಯ ವರ್ಷವನ್ನೂ, ಆಮೇಲೆ ಅದು ಸಾಗಿದ ನೆಲವನ್ನೂ, ಕೊನೆಗೆ ಎಳೆಯುವವರನ್ನೂ ನಿಶ್ಚಯಿಸಿಕೊಳ್ಳಬೇಕು. ಇದು ಸುಲಭದ ಕೆಲಸವಲ್ಲ. ಮೂವತ್ತೈದರಲ್ಲಿ ಒಂದು ಪಾಲಿನ ಅಳತೆಯಲ್ಲಿ ಮಾಡಿದರೂ, ಜೋಡಿಗೆ ಹತ್ತು ಅಡಿಯಂತೆ ಹಿಡಿದರೆ ಹತ್ತು ಜೋಡಿ ಎತ್ತುಗಳ ಸಾಲು ಸುಮಾರು ಮೂರಡಿ ಉದ್ದವಾಗುತ್ತದೆ. ಫಿರಂಗಿ ಗೇಣುದ್ದವೂ ಇರುವುದಿಲ್ಲ. ಕಪಾಟಿನಲ್ಲಿ ಜಾಗವಿಲ್ಲವೆಂದು ಎತ್ತುಗಳನ್ನು ಎರಡು ಜೋಡಿಗೆ ಇಳಿಸುವ ಆಸೆಯಾಗುತ್ತದೆ. ಇಳಿಸಬಾರದು. ಮೂರಡಿಯ ಎತ್ತಿನ ಸಾಲು, ನೊಗದ ಪಕ್ಕದಲ್ಲಿ ನಡೆಯುವ ಬರಿಗಾಲಿನ ಹೊಡೆಯುವವರು, ಕೊನೆಯಲ್ಲಿ ಗೇಣುದ್ದದ ಫಿರಂಗಿ – ನೋಡುವ ಹುಡುಗರು ಮೊದಲು ಎಣಿಸುವುದು ಎತ್ತುಗಳನ್ನೇ.