ಕಾವೇರಿಯ ಮಹಶೀರ್ ಮೀನು: ಕೋಲಾರ ಜಿಲ್ಲೆಯ ಕೆರೆ ಗುತ್ತಿಗೆದಾರರಿಗೆ ಹಾಗೂ ಮೀನು ಕೃಷಿಕರಿಗೆ ಮಾಹಿತಿ

ಪೀಠಿಕೆ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಗಳಿಲ್ಲ. ಮೀನುಗಾರಿಕೆಯು ಕೆರೆಗಳನ್ನೇ ಅವಲಂಬಿಸಿದೆ. ಇಲ್ಲಿನ ನೀರು ಕಾವೇರಿಗೆ ಸೇರುವುದಿಲ್ಲ. ಆದರೂ ಮೀನುಮರಿ ಬಿತ್ತನೆಯಲ್ಲಿ ವಹಿಸಬೇಕಾದ ಎಚ್ಚರಿಕೆಗೆ ಕಾವೇರಿಯ ಮಹಶೀರ್ ಒಂದು ನಿದರ್ಶನವಾಗಿದೆ.

ಮೀನಿನ ಪರಿಚಯ

ಗೂನುಬೆನ್ನಿನ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಕಂಡುಬರುವ ಮೀನು. ಇದರ ಈಜುರೆಕ್ಕೆಗಳು ಕಿತ್ತಳೆ ಬಣ್ಣದವು. 1946ರಲ್ಲಿ ಕಬಿನಿ ನದಿಯಲ್ಲಿ ಗಾಳಕ್ಕೆ ಸಿಕ್ಕ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋಗ್ರಾಂ ತೂಗಿತ್ತು. ಇದರ ವೈಜ್ಞಾನಿಕ ಹೆಸರು ಟಾರ್ ರೇಮಾದೇವಿ ಎಂದು 2018ರಲ್ಲಿ ಖಚಿತಪಟ್ಟಿತು. ಅದೇ ವರ್ಷ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಇದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಪ್ರಭೇದವೆಂದು ಸೇರಿಸಲಾಯಿತು.

ಸಂತತಿ ಕ್ಷೀಣಿಸಲು ಕಾರಣಗಳು

ಅಣೆಕಟ್ಟುಗಳು, ನೀರಿನ ಹರಿವಿನ ಇಳಿಕೆ, ಮರಳು ಗಣಿಗಾರಿಕೆ ಮತ್ತು ಸಿಡಿಮದ್ದಿನ ಬಳಕೆ ಮುಖ್ಯ ಕಾರಣಗಳು. ಇವುಗಳ ಜೊತೆಗೆ, ಮಹಶೀರ್ ಸಂತತಿಯನ್ನು ಹೆಚ್ಚಿಸುವ ಸದುದ್ದೇಶದಿಂದಲೇ ಮಹಾರಾಷ್ಟ್ರದ ಲೋಣಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಹಿಂದಿನ ದಶಕಗಳಲ್ಲಿ ಕಾವೇರಿಗೆ ಬಿಡಲಾಯಿತು. 1998ರಿಂದ 2012ರವರೆಗಿನ ಗಾಳ ಮೀನುಗಾರಿಕೆಯ ದಾಖಲೆಗಳನ್ನು ಪರಿಶೀಲಿಸಿದಾಗ, ಹೊರಗಿನಿಂದ ಬಂದ ಮೀನಿನ ಸಂಖ್ಯೆ ಏರುತ್ತಾ ಹೋದಂತೆ ಮೂಲ ಮೀನಿನ ಮರಿಗಳು ವಿರಳವಾದದ್ದು ಕಂಡುಬಂದಿತು.

ನಮ್ಮ ಕೆರೆಗಳಿಗೆ ಇದರ ಅನ್ವಯ

ಜಿಲ್ಲೆಯ ಕೆರೆಗಳು ಸರಪಳಿಯಂತೆ ಒಂದಕ್ಕೊಂದು ಹೊಂದಿಕೊಂಡಿವೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರಿನೊಡನೆ ಮೀನೂ ಕೆಳಗಿನ ಕೆರೆಗೆ, ಅಲ್ಲಿಂದ ಪಾಲಾರ್ ಮುಂತಾದ ನದಿಪಾತ್ರಕ್ಕೆ ಇಳಿಯುತ್ತದೆ. 2021ರ ನವೆಂಬರ್ ಮಳೆಗೆ ಹಲವು ಕೆರೆಗಳು ಕೋಡಿ ಬಿದ್ದವು. ಒಮ್ಮೆ ಹರಡಿದ ಮೀನನ್ನು ಹಿಂದಕ್ಕೆ ಪಡೆಯಲು ಸಾಧ್ಯವಿಲ್ಲ. ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಶ್ ಗಾಳಿಯನ್ನೂ ಉಸಿರಾಡಬಲ್ಲದು. ಕಲುಷಿತ ನೀರಿನಲ್ಲಿಯೂ ಬದುಕಿ ಇತರ ಮೀನುಗಳನ್ನು ತಿನ್ನುತ್ತದೆ.

ಸಾರ್ವಜನಿಕರು ಪಾಲಿಸಬೇಕಾದ ಅಂಶಗಳು

1. ಮೀನುಮರಿಗಳನ್ನು ಇಲಾಖೆಯ ಮೀನುಮರಿ ಕೇಂದ್ರದಿಂದ ಅಥವಾ ಇಲಾಖೆ ಸೂಚಿಸುವ ಮೂಲದಿಂದ ಮಾತ್ರ ಪಡೆಯತಕ್ಕದ್ದು.
2. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಬಾರದು, ಸಾಗಿಸಬಾರದು, ಮಾರಬಾರದು.
3. ಮನೆಯ ಗಾಜಿನ ತೊಟ್ಟಿಯ ಅಲಂಕಾರಿಕ ಮೀನುಗಳನ್ನು ಕೆರೆ ಅಥವಾ ಕಾಲುವೆಗೆ ಬಿಡಬಾರದು.
4. ಸಿಡಿಮದ್ದು ಅಥವಾ ವಿಷ ಬಳಸಿ ಮೀನು ಹಿಡಿಯುವುದು ಶಿಕ್ಷಾರ್ಹ ಅಪರಾಧ.
5. ಯಾವುದೇ ಹೊಸ ತಳಿಯನ್ನು ಬಿಡುವ ಮುನ್ನ ಆಯಾ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಕೆರೆ ಗುತ್ತಿಗೆ ಮತ್ತು ಮೀನುಮರಿಗಾಗಿ ಅರ್ಜಿ ಸಲ್ಲಿಸುವವರು ಮೇಲ್ಕಂಡ ಅಂಶಗಳನ್ನು ಗಮನಿಸಿ ಸಹಕರಿಸಬೇಕಾಗಿ ಕೋರಲಾಗಿದೆ.