ಎರಡು ಕಂತಿನಲ್ಲಿ ಬಂದ ಸ್ವಾತಂತ್ರ್ಯ: ತಿಮೋರ್ ಸಮುದ್ರದ ಒಂದು ಗೆರೆಯ ಕಥೆ

 

ಮೊದಲು ನಮ್ಮನೆ ವಿಷಯ ಒಂದು ಹೇಳ್ತೀನಿ, ಆಮೇಲೆ ಸಮುದ್ರಕ್ಕೆ ಹೋಗೋಣ. ನಮ್ಮದು ಬಾಳೆಹೊನ್ನೂರು ಕಡೆ. ಒಂದೂವರೆ ಎಕರೆ ಕಾಫಿ ತೋಟ. ಅಜ್ಜನ ಕಾಲದಲ್ಲಿ ಪಕ್ಕದ ತೋಟದವರು ದೊಡ್ಡ ಕುಳ. ಮಳೆಗಾಲ ಮುಗಿದು ಬೇಲಿ ಕಟ್ಟುವಾಗೆಲ್ಲ ಆ ಬೇಲಿ ನಮ್ಮ ಕಡೆಗೆ ಒಂದು ಅಡಿ ಸರಿದಿರೋದು. ಅಜ್ಜ ಏನೂ ಮಾತಾಡ್ತಿರಲಿಲ್ಲ. ಯಾಕಂದ್ರೆ ಒಂದು ವರ್ಷ ನಮ್ಮನೆಗೆ ಬೆಂಕಿ ಬಿದ್ದಾಗ ಓಡಿ ಬಂದು ನೀರು ಹಾಕಿದ್ದು, ಅಕ್ಕಿ ಕಳಿಸಿದ್ದು ಅದೇ ಮನೆಯವರು. ‘ಕಷ್ಟಕ್ಕೆ ಆದೋರೂ ಅವರೇ, ಬೇಲಿ ಸರಿಸಿದೋರೂ ಅವರೇ, ಏನು ಮಾಡೋದು’ ಅಂತ ಅಜ್ಜಿ ಇವತ್ತಿಗೂ ಹೇಳ್ತಾರೆ. ಕೊನೆಗೆ ಅಪ್ಪ ಸರ್ವೆ ಮಾಡಿಸಿದರು. ಪೊದೆಯೊಳಗೆ ಹಳೇ ಸರ್ವೆ ಕಲ್ಲು ಸಿಕ್ಕಿತು. ಬೇಲಿ ವಾಪಸ್ ಹೋಯಿತು.

ತಿಮೋರ್-ಲೆಸ್ತೆ ಅನ್ನೋ ದೇಶದ ಬಗ್ಗೆ ಓದುವಾಗ ನನಗೆ ಪದೇ ಪದೇ ನೆನಪಾಗಿದ್ದು ಈ ಬೇಲಿ.

ಮ್ಯಾಪ್ ತೆಗೀರಿ. ಇಂಡೋನೇಷ್ಯಾದ ದ್ವೀಪಗಳ ಸಾಲು ಪೂರ್ವಕ್ಕೆ ಹೋಗ್ತಾ ಹೋಗ್ತಾ ತಿಮೋರ್ ಅನ್ನೋ ದ್ವೀಪ ಸಿಗುತ್ತೆ. ಪಶ್ಚಿಮದ ಅರ್ಧ ಇಂಡೋನೇಷ್ಯಾದ್ದು. ಪೂರ್ವದ ಅರ್ಧವೇ ತಿಮೋರ್-ಲೆಸ್ತೆ. ರಾಜಧಾನಿ ದಿಲಿ. ದಿಲ್ಲಿ ಅಲ್ಲ, ದಿಲಿ. 2022ರ ಜನಗಣತಿ ಪ್ರಕಾರ ಜನಸಂಖ್ಯೆ ಸುಮಾರು 13 ಲಕ್ಷ 40 ಸಾವಿರ. ದಕ್ಷಿಣಕ್ಕೆ ತಿಮೋರ್ ಸಮುದ್ರ, ಅದರಾಚೆ ಆಸ್ಟ್ರೇಲಿಯಾ.

ಈ ದ್ವೀಪಕ್ಕೂ ನಮಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ, ಅದೂ ಗಂಧದ ಮರದ್ದು. ಮೈಸೂರು ಗಂಧ ಅಂತ ನಾವು ಹೆಮ್ಮೆಯಿಂದ ಹೇಳ್ತೀವಲ್ಲ, ಅದೇ ಜಾತಿಯ ಶ್ರೀಗಂಧ ತಿಮೋರ್‌ನಲ್ಲೂ ಬೆಳೆಯುತ್ತೆ. ನಮ್ಮಲ್ಲಿ ಟಿಪ್ಪು ಅದನ್ನ ರಾಜವೃಕ್ಷ ಅಂತ ಘೋಷಿಸೋಕೆ ಶತಮಾನಗಳ ಮುಂಚೆಯೇ ತಿಮೋರ್ ಗಂಧ ಚೀನಾಕ್ಕೆ ಹೋಗ್ತಿತ್ತು. ಪೋರ್ಚುಗೀಸರು 1510ರಲ್ಲಿ ಗೋವಾ, 1511ರಲ್ಲಿ ಮಲಾಕ್ಕಾ ಹಿಡಿದರು. ಅದಾದ ಕೆಲವೇ ವರ್ಷಕ್ಕೆ ಗಂಧ ಹುಡುಕಿಕೊಂಡು ತಿಮೋರ್ ಮುಟ್ಟಿದರು. 1702ರಲ್ಲಿ ಅಲ್ಲಿಗೆ ಬಂದ ಗವರ್ನರ್‌ನನ್ನು ಕಳಿಸಿದ್ದೂ ಗೋವಾದ ಆಡಳಿತವೇ. ಅಂದ್ರೆ ಕಾರವಾರದ ಪಕ್ಕದ ಊರಿಂದ ಆ ದ್ವೀಪ ಆಳ್ತಿದ್ದರು.

ದ್ವೀಪದ ಇನ್ನೊಂದು ಅರ್ಧಕ್ಕೆ ಡಚ್ಚರು ಬಂದರು. 1859ರಲ್ಲಿ ಇಬ್ಬರೂ ಒಪ್ಪಂದ ಮಾಡ್ಕೊಂಡು ನೆಲದ ಮೇಲೆ ಗೆರೆ ಎಳೆದರು. 1914ರಲ್ಲಿ ಒಂದು ಅಂತರರಾಷ್ಟ್ರೀಯ ತೀರ್ಪು ಬಂದು ಅದು ಇತ್ಯರ್ಥವಾಯಿತು. ಇದು ಮೊದಲನೇ ಗೆರೆ. ತಿಮೋರ್ ಜನರನ್ನ ಯಾರೂ ಕೇಳಲಿಲ್ಲ.

ಎರಡನೇ ಗೆರೆ ಸಮುದ್ರದ್ದು. ಅದಕ್ಕೆ ಬರೋ ಮುಂಚೆ ಒಂದು ಋಣದ ಲೆಕ್ಕ ಇದೆ. 1941ರ ಡಿಸೆಂಬರ್‌ನಲ್ಲಿ ಜಪಾನ್ ಬರಬಹುದು ಅಂತ ಆಸ್ಟ್ರೇಲಿಯಾ ಸೈನಿಕರು ಡಚ್ಚರ ಜೊತೆ ಪೋರ್ಚುಗೀಸ್ ತಿಮೋರ್‌ಗೆ ಇಳಿದರು. ಪೋರ್ಚುಗಲ್ ಆ ಯುದ್ಧದಲ್ಲಿ ತಟಸ್ಥ ದೇಶ. ಆಮೇಲೆ ಜಪಾನ್ ಬಂತು. ಸ್ಥಳೀಯ ಹುಡುಗರು ಆ ಸೈನಿಕರಿಗೆ ದಾರಿ ತೋರಿಸಿದರು, ಹೊರೆ ಹೊತ್ತರು, ಊಟ ಕೊಟ್ಟರು. ಸೈನಿಕರು ವಾಪಸ್ ಹೋದ ಮೇಲೆ ಶಿಕ್ಷೆ ಬಿದ್ದಿದ್ದು ಉಳಿದವರಿಗೆ. ಯುದ್ಧ ಮುಗಿಯೋದರೊಳಗೆ ಕನಿಷ್ಠ 40,000 ತಿಮೋರ್ ಜನ ಸತ್ತಿದ್ದರು.

ಈಗ 1972ಕ್ಕೆ ಬನ್ನಿ. ಸಮುದ್ರದ ತಳದಲ್ಲಿ ಎಣ್ಣೆ, ಅನಿಲ ಇದೆ ಅಂತ ಗೊತ್ತಾಗ್ತಿದ್ದ ಕಾಲ. ಆಸ್ಟ್ರೇಲಿಯಾ ಮತ್ತು ಇಂಡೋನೇಷ್ಯಾ ಸಮುದ್ರತಳ ಹಂಚಿಕೊಂಡವು. ಆಸ್ಟ್ರೇಲಿಯಾದ ವಾದ ಏನಂದ್ರೆ, ನಮ್ಮ ಖಂಡದ ನೆಲ ನೀರಿನಡಿಯಲ್ಲಿ ತಿಮೋರ್ ಹತ್ತಿರದ ಆಳವಾದ ಕಂದಕದವರೆಗೂ ಚಾಚಿದೆ, ಹಾಗಾಗಿ ಅಲ್ಲಿವರೆಗೂ ನಮ್ಮದು. ಇಂಡೋನೇಷ್ಯಾ ಹೆಚ್ಚುಕಡಿಮೆ ಒಪ್ಪಿತು. ಪೋರ್ಚುಗಲ್ ಒಪ್ಪಲಿಲ್ಲ. ಹಾಗಾಗಿ ಪೂರ್ವ ತಿಮೋರ್ ಎದುರಿಗೆ ಮಾತ್ರ ಗೆರೆ ಇಲ್ಲದ ಒಂದು ಖಾಲಿ ಜಾಗ ಉಳೀತು. ಅದಕ್ಕೆ ‘ತಿಮೋರ್ ಗ್ಯಾಪ್’ ಅಂತಲೇ ಹೆಸರಾಯಿತು. 1974ರಲ್ಲಿ ಆ ಕಡೆಯೇ ಗ್ರೇಟರ್ ಸನ್‌ರೈಸ್ ಅನ್ನೋ ದೊಡ್ಡ ಅನಿಲ ನಿಕ್ಷೇಪ ಸಿಕ್ಕಿತು. ತಿಮೋರ್ ತೀರದಿಂದ ಸುಮಾರು 150 ಕಿಲೋಮೀಟರ್. ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಸುಮಾರು 450.

ಅದೇ 1974ರಲ್ಲಿ ಪೋರ್ಚುಗಲ್‌ನಲ್ಲಿ ಸರ್ವಾಧಿಕಾರ ಬಿತ್ತು, ವಸಾಹತುಗಳನ್ನ ಬಿಡೋಕೆ ಶುರು ಮಾಡಿದರು. 1975ರ ನವೆಂಬರ್ 28ಕ್ಕೆ ಪೂರ್ವ ತಿಮೋರ್ ಸ್ವಾತಂತ್ರ್ಯ ಘೋಷಿಸಿತು. ಒಂಬತ್ತೇ ದಿನ. ಡಿಸೆಂಬರ್ 7ಕ್ಕೆ ಇಂಡೋನೇಷ್ಯಾ ಸೇನೆ ನುಗ್ಗಿತು.

ಇಲ್ಲಿ ಒಬ್ಬೊಬ್ಬರ ಲೆಕ್ಕ ನೋಡಿ. ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಫೋರ್ಡ್ ಮತ್ತು ಕಿಸ್ಸಿಂಜರ್ ಜಕಾರ್ತಾದಲ್ಲಿ ಸುಹಾರ್ತೊ ಜೊತೆ ಕೂತಿದ್ದರು. ವಿಯೆಟ್ನಾಂ ಆಗಷ್ಟೇ ಕೈತಪ್ಪಿತ್ತು, ಇಂಡೋನೇಷ್ಯಾ ಕೈತಪ್ಪಬಾರದು. ತಿಮೋರ್‌ನ ಉತ್ತರದ ಜಲಸಂಧಿ ತುಂಬ ಆಳ, ಜಲಾಂತರ್ಗಾಮಿಗಳು ಮುಳುಗಿಕೊಂಡೇ ಹಾದುಹೋಗೋ ದಾರಿ. ಜಕಾರ್ತಾದಲ್ಲಿದ್ದ ಆಸ್ಟ್ರೇಲಿಯಾ ರಾಯಭಾರಿ ಅದೇ ವರ್ಷ ಆಗಸ್ಟ್‌ನಲ್ಲೇ ತಮ್ಮ ಸರ್ಕಾರಕ್ಕೆ ಬರೆದಿದ್ದರು: ಗ್ಯಾಪ್ ಬಗ್ಗೆ ಪೋರ್ಚುಗಲ್ ಅಥವಾ ಸ್ವತಂತ್ರ ತಿಮೋರ್ ಜೊತೆ ಮಾತಾಡೋದಕ್ಕಿಂತ ಇಂಡೋನೇಷ್ಯಾ ಜೊತೆ ಸುಲಭ ಅನ್ನೋ ಅರ್ಥದಲ್ಲಿ. ಇನ್ನು ನಾವು? ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಮತದಾನದಲ್ಲಿ ಭಾರತ ನಿಂತಿದ್ದು ಇಂಡೋನೇಷ್ಯಾ ಕಡೆ. ಸ್ವತಃ ವಸಾಹತು ಆಗಿದ್ದ ದೇಶ ನಮ್ಮದು. ಆದರೂ. ಇದನ್ನ ಬಿಟ್ಟು ಕಥೆ ಹೇಳಿದ್ರೆ ಬೇರೆಯವರ ಮೇಲೆ ಬೆರಳು ತೋರಿಸಿದ ಹಾಗಷ್ಟೇ ಆಗುತ್ತೆ.

ಆಗ ಅಲ್ಲಿದ್ದ ಜನ ಆರೂವರೆ ಲಕ್ಷದ ಆಸುಪಾಸು. ಮುಂದಿನ 24 ವರ್ಷದಲ್ಲಿ ಗುಂಡು, ಹಸಿವು, ಕಾಯಿಲೆಯಿಂದ ಸತ್ತವರು ಕನಿಷ್ಠ ಒಂದು ಲಕ್ಷ ಅಂತ ಆಮೇಲೆ ಅಲ್ಲಿನ ಸತ್ಯಶೋಧನಾ ಆಯೋಗ ಲೆಕ್ಕ ಹಾಕಿತು.

ಇದೆಲ್ಲ ನಡೀತಿರುವಾಗಲೇ, 1989ರ ಡಿಸೆಂಬರ್ 11ರಂದು, ತಿಮೋರ್ ಸಮುದ್ರದ ಮೇಲೆ ಹಾರ್ತಿದ್ದ ವಿಮಾನದಲ್ಲಿ ಆಸ್ಟ್ರೇಲಿಯಾದ ವಿದೇಶಾಂಗ ಸಚಿವ ಗ್ಯಾರೆತ್ ಇವಾನ್ಸ್ ಮತ್ತು ಇಂಡೋನೇಷ್ಯಾದ ಅಲಿ ಅಲಾತಾಸ್ ಎಣ್ಣೆ ಹಂಚಿಕೊಳ್ಳೋ ಒಪ್ಪಂದಕ್ಕೆ ಸಹಿ ಹಾಕಿ ಶಾಂಪೇನ್ ಕುಡಿದರು. ಅದರ ಫೋಟೊ ಇದೆ, ಹುಡುಕಿ ನೋಡಿ. ಪೋರ್ಚುಗಲ್ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1995ರಲ್ಲಿ ನ್ಯಾಯಾಲಯ ಹೇಳಿದ್ದು: ಸ್ವನಿರ್ಣಯದ ಹಕ್ಕು ಇಡೀ ಜಗತ್ತು ಮಾನ್ಯ ಮಾಡಬೇಕಾದ ಹಕ್ಕು, ಸರಿ, ಆದರೆ ಇಂಡೋನೇಷ್ಯಾ ಈ ಕೇಸಿನಲ್ಲಿ ಇಲ್ಲ, ಹಾಗಾಗಿ ತೀರ್ಪು ಕೊಡೋಕೆ ಆಗಲ್ಲ.

ಸ್ವನಿರ್ಣಯ ಅಂದ್ರೆ ಸರಳವಾಗಿ, ನಾವು ಯಾರ ಕೆಳಗಿರಬೇಕು ಅಥವಾ ಇರಬಾರದು ಅಂತ ನಾವೇ ತೀರ್ಮಾನಿಸೋದು. ಆ ಅವಕಾಶ ಬಂದಿದ್ದು ಸುಹಾರ್ತೊ ಅಧಿಕಾರ ಬಿಟ್ಟ ಮೇಲೆ, 1999ರ ಆಗಸ್ಟ್ 30ಕ್ಕೆ. 98.6 ಶೇಕಡ ಮತದಾನ. ಬೆದರಿಕೆ, ಕೊಲೆ ನಡೀತಿರುವಾಗಲೂ ಅಷ್ಟು ಜನ ಬಂದು ಸಾಲಲ್ಲಿ ನಿಂತರು. 78.5 ಶೇಕಡ ಜನ ಇಂಡೋನೇಷ್ಯಾ ಬೇಡ ಅಂದರು. ಫಲಿತಾಂಶ ಬಂದಮೇಲೆ ಸೇನೆ ಬೆಂಬಲದ ಗುಂಪುಗಳು ದಿಲಿಯನ್ನ ಸುಟ್ಟವು. ಆಗ ಶಾಂತಿಪಡೆಯ ನೇತೃತ್ವ ವಹಿಸಿ ಬಂದಿದ್ದು ಯಾರು? ಆಸ್ಟ್ರೇಲಿಯಾ. ನಿಜವಾಗಲೂ ಜೀವ ಉಳಿಸಿದರು. ನೋಡಿ, ಬೆಂಕಿ ಬಿದ್ದಾಗ ನೀರು ಹಾಕಿದ ನಮ್ಮ ಪಕ್ಕದ ತೋಟದವರು.

ಇದು ಸ್ವಾತಂತ್ರ್ಯದ ಮೊದಲನೇ ಕಂತು. 2002ರ ಮೇ 20ಕ್ಕೆ ಬಾವುಟ ಏರಿತು.

ಈಗ ಬೇಲಿ ವಿಷಯ. ಅಷ್ಟರಲ್ಲಿ ಅಂತರರಾಷ್ಟ್ರೀಯ ಸಮುದ್ರ ಕಾನೂನು ಬದಲಾಗಿತ್ತು. ತೀರದಿಂದ 200 ನಾಟಿಕಲ್ ಮೈಲಿ, ಅಂದ್ರೆ ಸುಮಾರು 370 ಕಿಲೋಮೀಟರ್ ಪ್ರತಿ ದೇಶದ ಆರ್ಥಿಕ ವಲಯ. ಎದುರುಬದುರು ದೇಶಗಳ ನಡುವೆ ಅಷ್ಟು ಜಾಗ ಇಲ್ಲದಿದ್ರೆ ಸಾಮಾನ್ಯವಾಗಿ ನಡುಗೆರೆಯಿಂದ ಮಾತು ಶುರುವಾಗುತ್ತೆ. ನಡುಗೆರೆ ಎಳೆದ್ರೆ ತಿಮೋರ್‌ಗೆ ಲಾಭ. ಆದರೆ ಬಾವುಟ ಏರೋಕೆ ಎರಡು ತಿಂಗಳ ಮುಂಚೆ, 2002ರ ಮಾರ್ಚ್‌ನಲ್ಲಿ, ಸಮುದ್ರ ಗಡಿ ವ್ಯಾಜ್ಯಗಳಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ಕಡ್ಡಾಯ ಅಧಿಕಾರ ನಮಗೆ ಅನ್ವಯಿಸಲ್ಲ ಅಂತ ಆಸ್ಟ್ರೇಲಿಯಾ ಹಿಂದೆ ಸರಿದಿತ್ತು. ಸರ್ವೆಯವರನ್ನ ಕರೆಯೋ ದಾರಿಯೇ ಮುಚ್ಚಿದ ಹಾಗೆ.

ನಾನು ಬಿಕಾಂ ಓದಿದವನು, ಹಾಗಾಗಿ ನೂರು ರೂಪಾಯಿ ಲೆಕ್ಕದಲ್ಲಿ ಹೇಳ್ತೀನಿ. ಗ್ರೇಟರ್ ಸನ್‌ರೈಸ್‌ನಿಂದ ಎರಡೂ ಸರ್ಕಾರಗಳಿಗೆ ಸೇರಿ ಬರೋ ಆದಾಯ 100 ರೂಪಾಯಿ ಅಂದ್ಕೊಳ್ಳಿ. ಸ್ವಾತಂತ್ರ್ಯದ ಹೊತ್ತಿನ ವ್ಯವಸ್ಥೆ ಪ್ರಕಾರ ಆ ನಿಕ್ಷೇಪದ 20.1 ಶೇಕಡ ಮಾತ್ರ ಜಂಟಿ ವಲಯದಲ್ಲಿದೆ, ಉಳಿದದ್ದು ಆಸ್ಟ್ರೇಲಿಯಾದ್ದು. ಜಂಟಿ ವಲಯದಲ್ಲಿ ತಿಮೋರ್‌ಗೆ 90 ಶೇಕಡ. ಕೇಳೋಕೆ ಎಷ್ಟು ಉದಾರ, ಅಲ್ವಾ? ಗುಣಿಸಿ ನೋಡಿ. ನೂರರಲ್ಲಿ ಕೈಗೆ ಬರೋದು 18 ರೂಪಾಯಿ.

ತಿಮೋರ್ ಒಪ್ಪಲಿಲ್ಲ. 2006ರಲ್ಲಿ ಹೊಸ ಒಪ್ಪಂದ ಆಯಿತು, 50:50. ಆದರೆ ಜೊತೆಗೊಂದು ಷರತ್ತು: 50 ವರ್ಷ ಗಡಿ ವಿಷಯ ಎತ್ತೋ ಹಾಗಿಲ್ಲ. ಆಮೇಲೆ ಹೊರಬಂದ ಆರೋಪ ಏನಂದ್ರೆ, ಈ ಮಾತುಕತೆ ಸಮಯದಲ್ಲೇ, 2004ರಲ್ಲಿ, ನೆರವಿನ ಹೆಸರಲ್ಲಿ ದಿಲಿಯ ಸರ್ಕಾರಿ ಕಟ್ಟಡ ದುರಸ್ತಿ ಮಾಡುವಾಗ ಆಸ್ಟ್ರೇಲಿಯಾದ ಗುಪ್ತಚರರು ಸಂಪುಟ ಕೋಣೆಯಲ್ಲಿ ಮಾತು ಕದ್ದು ಕೇಳೋ ಸಾಧನ ಇಟ್ಟಿದ್ದರು. ಇದನ್ನ ಬಯಲು ಮಾಡಿದ ಮಾಜಿ ಗುಪ್ತಚರನ ಹೆಸರು ಇವತ್ತಿಗೂ ಹೊರಗೆ ಬಂದಿಲ್ಲ, ‘ವಿಟ್ನೆಸ್ ಕೆ’ ಅಂತಾರೆ. ಅವನಿಗೆ 2021ರಲ್ಲಿ ಅಮಾನತಿನಲ್ಲಿಟ್ಟ ಮೂರು ತಿಂಗಳ ಶಿಕ್ಷೆ ಆಯಿತು. ಅವನ ವಕೀಲ ಬರ್ನಾರ್ಡ್ ಕೊಲರಿ ಮೇಲಿನ ಕೇಸನ್ನ 2022ರಲ್ಲಿ ಕೈಬಿಟ್ಟರು.

ಸಣ್ಣ ದೇಶ ಏನು ಮಾಡಬಹುದು? ಯುದ್ಧ ಮಾಡೋಕಾಗಲ್ಲ. ವ್ಯಾಪಾರ ನಿಲ್ಲಿಸ್ತೀನಿ ಅಂತ ಹೆದರಿಸೋಕೂ ಆಗಲ್ಲ. ಅವರು ಕಾನೂನಿನ ಪುಸ್ತಕ ಹುಡುಕಿದರು. ಸಮುದ್ರ ಕಾನೂನಿನಲ್ಲಿ ‘ಕಡ್ಡಾಯ ರಾಜಿ ಸಂಧಾನ’ ಅನ್ನೋ ವಿಧಾನ ಇತ್ತು, ಅಲ್ಲಿವರೆಗೆ ಯಾವ ದೇಶವೂ ಬಳಸಿರಲಿಲ್ಲ. 2016ರಲ್ಲಿ ತಿಮೋರ್ ಅದನ್ನ ಬಳಸಿತು. ದಿಲಿಯ ಆಸ್ಟ್ರೇಲಿಯಾ ರಾಯಭಾರ ಕಚೇರಿ ಮುಂದೆ ಸಾವಿರಾರು ಜನ ಸೇರಿದರು. ಕಾಡಲ್ಲಿ ಬಂದೂಕು ಹಿಡಿದು ಹೋರಾಡಿ, ಇಂಡೋನೇಷ್ಯಾದ ಜೈಲಲ್ಲಿದ್ದು ಬಂದ ಶನಾನ ಗುಸ್ಮಾವೊ ಈ ಸಲ ಮೇಜಿನ ಮುಂದೆ ಕೂತು ಮಾತುಕತೆ ನಡೆಸಿದರು. 2018ರ ಮಾರ್ಚ್ 6ಕ್ಕೆ ಒಪ್ಪಂದ. ಮುಖ್ಯ ಗಡಿ ನಡುಗೆರೆಯ ಹತ್ತಿರಕ್ಕೆ ಬಂತು. ಗ್ರೇಟರ್ ಸನ್‌ರೈಸ್‌ನ ನೂರು ರೂಪಾಯಿಯಲ್ಲಿ ಈಗ ತಿಮೋರ್‌ಗೆ 70, ಪೈಪ್‌ಲೈನ್ ತಿಮೋರ್‌ಗೆ ಬಂದ್ರೆ. ಆಸ್ಟ್ರೇಲಿಯಾಕ್ಕೆ ಹೋದ್ರೆ 80.

18, ಆಮೇಲೆ 50, ಆಮೇಲೆ 70 ಅಥವಾ 80. ನಿಕ್ಷೇಪ ಅದೇ, ಸಮುದ್ರ ಅದೇ. ಬದಲಾಗಿದ್ದು ಗೆರೆ. ಹಳೇ ವರ್ಷಗಳಲ್ಲಿ ಹೋದ ಹಣಕ್ಕೆ ಪರಿಹಾರ ಮಾತ್ರ ಇಲ್ಲ. ಆ ಒಪ್ಪಂದ ಜಾರಿಗೆ ಬಂದಿದ್ದು 2019ರ ಆಗಸ್ಟ್ 30ಕ್ಕೆ. ತಾರೀಖು ನೋಡಿ. ಮತ ಹಾಕಿ ಸರಿಯಾಗಿ 20 ವರ್ಷ. ನಾನು ಎರಡನೇ ಕಂತು ಅಂತ ಹೇಳೋದು ಇದಕ್ಕೆ.

ಹಾಗಾದ್ರೆ ಕಥೆ ಸುಖಾಂತನಾ? ಅಷ್ಟು ಬೇಗ ಬೇಡ. ಬಾಯು-ಉಂದಾನ್ ಅನ್ನೋ ಇನ್ನೊಂದು ನಿಕ್ಷೇಪದ ಹಣದಿಂದ ದೇಶ ನಡೀತಿತ್ತು. ಅಲ್ಲಿ 2025ರಲ್ಲಿ ಉತ್ಪಾದನೆ ನಿಂತಿತು. 2005ರಲ್ಲೇ ಶುರು ಮಾಡಿದ ಪೆಟ್ರೋಲಿಯಂ ನಿಧಿಯಲ್ಲಿ ಸುಮಾರು 18 ಶತಕೋಟಿ ಡಾಲರ್ ಇದೆ. ಬುದ್ಧಿವಂತ ಕೆಲಸ. ಎಫ್‌ಡಿ ಇಟ್ಟು ಬಡ್ಡಿಯಲ್ಲಿ ಬದುಕೋ ಹಾಗೆ, ವರ್ಷಕ್ಕೆ ಪೆಟ್ರೋಲಿಯಂ ಸಂಪತ್ತಿನ 3 ಶೇಕಡ ತೆಗೆದರೆ ಸಾಕು ಅನ್ನೋ ಲೆಕ್ಕ. ಆದರೆ ವರ್ಷ ವರ್ಷ ಅದಕ್ಕಿಂತ ಜಾಸ್ತಿ ತೆಗೀತಿದ್ದಾರೆ, ಅಸಲೇ ಕರಗುತ್ತೆ. ಸನ್‌ರೈಸ್ ಅನಿಲ ಇನ್ನೂ ಸಮುದ್ರದಡಿಯಲ್ಲೇ ಇದೆ. ಪೈಪ್‌ಲೈನ್ ಎಲ್ಲಿಗೆ ಅನ್ನೋ ಜಗಳ ಮುಗಿದಿಲ್ಲ. ತಮ್ಮ ತೀರಕ್ಕೇ ಬಂದ್ರೆ ಕೆಲಸ, ಕಾರ್ಖಾನೆ ಬರುತ್ತೆ ಅನ್ನೋದು ದಿಲಿಯ ಆಸೆ. ಪಾಲು 10 ರೂಪಾಯಿ ಕಮ್ಮಿಯಾದರೂ ಪರವಾಗಿಲ್ಲ ಅಂತಾರೆ.

ಈ ಮಧ್ಯೆ ಎಲ್ಲರಿಗೂ ದಿಲಿ ಮೇಲೆ ಪ್ರೀತಿ ಬಂದಿದೆ. 2023ರಲ್ಲಿ ಚೀನಾ ಜೊತೆ ಸಮಗ್ರ ವ್ಯೂಹಾತ್ಮಕ ಪಾಲುದಾರಿಕೆ ಆಯಿತು. 2024ರ ಆಗಸ್ಟ್‌ನಲ್ಲಿ ನಮ್ಮ ರಾಷ್ಟ್ರಪತಿ ದ್ರೌಪದಿ ಮುರ್ಮು ಹೋಗಿ ಬಂದರು. 2025ರ ಅಕ್ಟೋಬರ್ 26ಕ್ಕೆ ತಿಮೋರ್-ಲೆಸ್ತೆ ಆಸಿಯಾನ್‌ನ 11ನೇ ಸದಸ್ಯ ಆಯಿತು. ಅದೇ ಕೂಟದಲ್ಲಿ ಇಂಡೋನೇಷ್ಯಾ ಸ್ಥಾಪಕ ಸದಸ್ಯ. ಹಳೇ ವೈರಿ ಪಕ್ಕ ಕುರ್ಚಿ ಹಾಕ್ಕೊಂಡು ಕೂರೋದು ಸಣ್ಣ ವಿಷಯ ಅಲ್ಲ.

ಎಣ್ಣೆ ಬಿಟ್ಟರೆ ತಿಮೋರ್ ಹೊರಗೆ ಮಾರೋದರಲ್ಲಿ ಮುಖ್ಯವಾದದ್ದು ಕಾಫಿ. ಅಲ್ಲಿ 1920ರ ದಶಕದಲ್ಲಿ ಅರೇಬಿಕಾ ಮತ್ತು ರೊಬಸ್ಟಾ ತಾನಾಗೇ ಬೆರೆತ ಒಂದು ಗಿಡ ಸಿಕ್ಕಿತು. ಎಲೆ ತುಕ್ಕು ರೋಗಕ್ಕೆ ಜಗ್ಗದ ಗಿಡ. ಅದೇ ತಳಿಯ ರಕ್ತ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಸಂಸ್ಥೆ ಕೊಟ್ಟ ‘ಚಂದ್ರಗಿರಿ’ ತಳಿಯಲ್ಲಿದೆ. ನಮ್ಮ ತೋಟದಲ್ಲಿ ಬೇಲಿ ವಾಪಸ್ ಹೋದ ಆ ಪಟ್ಟಿಯಲ್ಲಿ ಅಪ್ಪ ನೆಟ್ಟಿರೋದು ಚಂದ್ರಗಿರಿಯೇ. ಗೊತ್ತಿಲ್ಲದೇನೇ ನಾವು ತಿಮೋರ್‌ಗೆ ಸ್ವಲ್ಪ ಋಣಿ.

ಕಳೆದ ತಿಂಗಳು ಊರಿಗೆ ಹೋದಾಗ ಅಪ್ಪನಿಗೆ ಈ ಕಥೆಯೆಲ್ಲ ಹೇಳಿದೆ. ಪೂರ್ತಿ ಕೇಳಿಸ್ಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಬೇಲಿ ಸರಿಹೋಯ್ತು, ಸರಿ. ಒಳಗೆ ಏನು ನೆಟ್ಟಿದ್ದಾರಂತೆ?’ ದಿಲಿಯಲ್ಲಿ ನಮ್ಮ ವಯಸ್ಸಿನವರು ತಮ್ಮ ಸರ್ಕಾರಕ್ಕೆ ಈಗ ಕೇಳಬೇಕಾದ ಪ್ರಶ್ನೆಯೂ ಅದೇ ಅನ್ಸುತ್ತೆ.